ಬೆಲ್ಲ ತಿನ್ನಿಸಿದ ಕೈ

ಡಾಕ್ಟರ್ ದಿವ್ಯಶ್ರೀ ಅವರ ಬಿಳಿ ಕೋಟಿನ ಜೇಬಿನಲ್ಲಿ ಪೆನ್ನು ಸೋರಿದೆ, ನೀಲಿ ಮಚ್ಚೆ ಅಗಲವಾಗುತ್ತಿದೆ, ಹೇಳಲೇ, ಬೇಡವೇ, ಗಡ್ಡೆಯಂಥದ್ದೇನೋ ಕಂಡಿದೆಯೆಂದು ತೆಗೆಸಿದ ನನ್ನ ಕಿಡ್ನಿಯ ಸ್ಕ್ಯಾನನ್ನು ಆಕೆ ಬೆಳಕಿಗೆ ಹಿಡಿದಿದ್ದಾರೆ — ಪಕ್ಕದಲ್ಲಿ ಪೊನ್ನಮ್ಮ ನನ್ನ ಅಂಗಿಯ ತೋಳು ಹಿಂಡುತ್ತಿದ್ದಾಳೆ, ಹೆಂಡತಿಯ ಕೈಗೆ ಇಷ್ಟು ಬಲವಿದೆ ಎಂದು ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ತಿಳಿಯಿತು, ಅದ್ರಲಿ ಎಂತ ಉಟ್ಟು ಎಂದು ಪಿಸುಗುಟ್ಟುತ್ತಾಳೆ, ಏನಿದೆಯೋ ನನಗೇನು ಗೊತ್ತು, ಸುಮ್ಮನಿರು ಮಾರಾಯ್ತಿ, ಕ್ಯಾನ್ಸರ್ ಆಗಿದ್ದರೆ ಆಗಿರಲಿ — ಸುಳ್ಳು, ಆಗಿರುವುದು ಬೇಡ, ಬೇಡವೇ ಬೇಡ. ಹನ್ನೊಂದು ವರ್ಷ ಕುಶಾಲನಗರದ ಆಚೆಯ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸಿದವನು ನಾನು, ಸೀಸಕ್ಕೆ ಬೆಲ್ಲವೇ ಮದ್ದು ಎಂದು ನಂಬಿದವನು, ನಂಬಿದ್ದಷ್ಟೇ ಅಲ್ಲ, ದಿನಾ ಹತ್ತು ಗಂಟೆಗೆ ಅಚ್ಚುಬೆಲ್ಲ ಒಡೆದು ಜೊತೆಗೆ ದುಡಿಯುವ ಆರೂ ಜನರ ಬಾಯಿಗೆ ನಾನೇ ಇಡುತ್ತಿದ್ದೆ, ಹಿರಿಯನಲ್ಲವೇ, ಅವರ ಕೈ ಕೊಳಕು ಎಂದು ನನ್ನ ಕೈಯಿಂದ, ನನ್ನದೇನು ಹಾಲಲ್ಲಿ ತೊಳೆದ ಕೈಯೇ, ತಿನ್ನು ಸಿದ್ದಣ್ಣ, ಎದೆಯ ಧೂಳು ಇಳೀತದೆ — ಬೆಲ್ಲದ ಮೇಲೆ ಬೂದುಬಣ್ಣದ ನನ್ನ ಬೆರಳಚ್ಚು. ಆರು ತಿಂಗಳ ಹಿಂದೆ ಇದೇ ಡಾಕ್ಟರು ನನ್ನ ರಕ್ತದಲ್ಲಿ ಸೀಸ ಕಂಡು, ಬೆಲ್ಲಕ್ಕೆ ಸೀಸ ಇಳಿಸೋ ಶಕ್ತಿ ಇಲ್ಲ ಧರ್ಮಪಾಲ ಅವ್ರೇ, ಕೈಯಲ್ಲಿದ್ದದ್ದನ್ನ ಹೊಟ್ಟೆಗೆ ಕಳಿಸಿದ್ದೀರಿ ಅಷ್ಟೇ, ಕ್ಯಾನ್ಸರ್ ಅಪಾಯಾನೂ ಜಾಸ್ತಿ ಆಗಬಹುದು ಎಂದಾಗ ನಾಚಿಕೆಯಿಂದ ಸತ್ತೇಹೋದೆ. ಅಂದೇ ಕುಲುಮೆ ಬಿಟ್ಟೆ, ಈಗ ಮೂರ್ನಾಡಿನ ನರ್ಸರಿಯಲ್ಲಿ ಕಾಫಿ ಸಸಿಗೆ ಮಣ್ಣು ತುಂಬುತ್ತೇನೆ. ಶೆಡ್ಡಿಗೆ ಹೋಗಿ ವಿಷಯ ಹೇಳಿದರೆ ಸಿದ್ದಣ್ಣ ನಕ್ಕ, ಹನ್ನೊಂದ್ ವರ್ಸ ತಿನ್ನಿಸ್ಬುಟ್ಟು ಈಗ ಉಗೀರಿ ಅಂತೀಯಲ್ಲ ಧರ್ಮಣ್ಣ, ನಗಲಿ, ನಾನೂ ಹಟಮಾರಿ, ವಾರವಾರ ಹೋದೆ, ನಲ್ಲಿ ಹಾಕಿಸುವ ತನಕ ಮೇಸ್ತ್ರಿಯ ಬೆನ್ನು ಬಿಡಲಿಲ್ಲ, ಸೋಪೂ ಬಂತು, ರಕ್ತ ಪರೀಕ್ಷೆಗೆ ಮಾತ್ರ ಒಬ್ಬನೂ ಒಪ್ಪಲಿಲ್ಲ —

ಗಡ್ಡೆ ಅಲ್ಲ, ಬರೀ ನೀರುಗುಳ್ಳೆ. ಏನೆಂದರು? ಕ್ಯಾನ್ಸರ್ ಇಲ್ಲ ಧರ್ಮಪಾಲ ಅವ್ರೇ, ಸೀಸಾನೂ ಅರವತ್ತೆರಡರಿಂದ ಇಪ್ಪತ್ತೆಂಟಕ್ಕೆ ಇಳಿದಿದೆ, ಆದ್ರೂ ವರ್ಷವರ್ಷ ತೋರಿಸ್ಬೇಕು, ತೋರಿಸುತ್ತೇನೆ ತಾಯಿ, ನಿಮ್ಮ ಪೆನ್ನು ಸೋರುತ್ತಿದೆ ಎಂದೂ ಹೇಳಿಬಿಟ್ಟೆ, ಪೊನ್ನಮ್ಮ ಇಲ್ಲೆಂತೆ ಇಲ್ಲೆಂತೆ ಎಂದು ಅಳುತ್ತಾ ನಗುತ್ತಿದ್ದಾಳೆ, ಗೆದ್ದೆ ಕಣೇ, ಹಾಳು ಸೀಸವನ್ನು ಗೆದ್ದೆ, ಮಡಿಕೇರಿಗೆಲ್ಲ ಕೇಳುವಂತೆ ಕೂಗಬೇಕು — ಪೂರ್ತಿ ಗೆದ್ದೆನೇ, ನಾನು ತಿನ್ನಿಸಿದ್ದು ಆ ಆರು ಜನರ ಹೊಟ್ಟೆಯಲ್ಲಿದೆಯಲ್ಲ. ಮೆಟ್ಟಿಲಿಳಿಯುವಾಗ ಫೋನು, ಸಿದ್ದಣ್ಣ, ಎಲ್ಲಿದ್ದೀ ಧರ್ಮಣ್ಣ, ನಿನ್ ಸ್ಕ್ಯಾನ್ ಸುದ್ದಿ ಕೇಳಿ ಹೆದ್ರುಕೊಂಡು ಆರೂ ಜನ ಬಂದಿದೀವಿ ಪರೀಕ್ಷೆಗೆ ರಕ್ತ ಕೊಡಕ್ಕೆ, ಕೆಳಗೆ ನೋಡು — ನೋಡಿದೆ, ಆಸ್ಪತ್ರೆಯ ಅಂಗಳದ ನಲ್ಲಿಯ ಹತ್ತಿರ ಸಾಲಾಗಿ, ನನ್ನ ಮಾತು ಕೇಳದ ಮುಂಡೇವು, ತೋಳು ಮಡಚಿ ಮೊಣಕೈ ತನಕ ಉಜ್ಜುತ್ತಿದ್ದಾರೆ, ನೊರೆಯೆಲ್ಲ ಬೂದು, ನನಗೆ ಕಣ್ಣು ತುಂಬುತ್ತಿದೆ, ಸಿದ್ದಣ್ಣ ತೊಳೆದ ಎರಡೂ ಕೈ ಮೇಲೆತ್ತಿ ತೋರಿಸುತ್ತಿದ್ದಾನೆ, ತಿರುಗಿಸಿ ತಿರುಗಿಸಿ, ಅಂಗೈ, ಮುಂಗೈ, ಉಗುರು, ಬಿಸಿಲಲ್ಲಿ ನೀರು ತೊಟ್ಟಿಕ್ಕುವ ಹತ್ತು ಬೆರಳು, ಹತ್ತು ಬೆರಳು —