ಬಿಳಿಹೂವಿಗೆ ಬೇಕಾದ ಹನಿ

ಸೆಂಟು ಬೆರೆಸುವವಳಿಗೆ ಮೂಗಿನ ತುದಿಯಲ್ಲೇ ಕೋಪ. ಕಸುಬೇ ಮೂಗಿನದು, ಇನ್ನೆಲ್ಲಿರಬೇಕು ಹೇಳಿ! ಆದರೆ ಆರು ವರ್ಷದ ಈ ಹುಡುಗಿಯ ಮುಂದೆ ಮಾತ್ರ ಅವಳ ಆಟ ನಡೆಯುತ್ತಿರಲಿಲ್ಲ. ತೀರಿಹೋದ ಅಕ್ಕನ ಮಗಳು. ಈಗ ಅವಳ ಮಡಿಲಿಗೆ ಬಿದ್ದವಳು.

ಅಕ್ಕ ಬದುಕಿದ್ದಷ್ಟು ದಿನ ಹಚ್ಚಿಕೊಂಡದ್ದು ಒಂದೇ ಸೆಂಟು, ಈ ತಂಗಿಯೇ ಬೆರೆಸಿಕೊಟ್ಟದ್ದು: ಸುಗಂಧರಾಜ, ಮಲ್ಲಿಗೆ, ಅದರ ಮೇಲೆ ಲವಂಗ ಮತ್ತು ಮೆಣಸಿನ ಖಾರ. ಸೀಸೆ ಖಾಲಿಯಾಗಿ, ಶಾಲಿನಲ್ಲಿ ಉಳಿದಿದ್ದ ವಾಸನೆಯೂ ಆರಿಹೋದ ಮೇಲೆ ಹುಡುಗಿ ಹಟ ಹಿಡಿದಳು. ಅಮ್ಮನ ಮುಖ ಮರೆತುಹೋಗುತ್ತಿದೆಯಂತೆ, ವಾಸನೆ ಬಂದರೆ ನೆನಪಾಗುತ್ತದಂತೆ. ಕೇಳಿ ಚಿಕ್ಕಮ್ಮ ಅದೇ ಸೆಂಟು ಮತ್ತೆ ಬೆರೆಸಲು ಕೂತಳು.

ಬೆರೆಸಿದಳು. ಕಾಗದದ ಪಟ್ಟಿ ಅದ್ದಿ ಹುಡುಗಿಯ ಮೂಗಿಗೆ ಹಿಡಿದಳು.

"ಊಹೂಂ. ಇದು ಅಂಗಡಿ ಹೂವು, ಅಮ್ಮ ಅಲ್ಲ."

ಲವಂಗ ಹೆಚ್ಚಿಸಿದಳು, ಮೆಣಸು ಇಳಿಸಿದಳು.

"ಸೀನು ಬರುತ್ತೆ ಅಷ್ಟೇ, ಚಿಕ್ಕಮ್ಮ."

ಏನು ಕೊರತೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಬಿಳಿ ಹೂವಿನ ಒಡಲಲ್ಲಿ ತುಸು ಕೊಳೆತ ವಾಸನೆ ಇರುತ್ತದೆ. ಅದಿಲ್ಲದಿದ್ದರೆ ಹೂವು ಬರೀ ಸೋಪು. ಅದಕ್ಕೆಂದೇ ಕಪಾಟಿನ ಮೂಲೆಯಲ್ಲಿ ಆ ಕೊಳೆತ ವಾಸನೆಯ ಸತ್ವದ ಒಂದು ಸೀಸೆ ಇತ್ತು. ಆದರೆ ಅಕ್ಕನ ಕೊನೆಯ ದಿನಗಳಲ್ಲಿ, ಕೀವು ಸೋರುವ ಹುಣ್ಣಿನ ಆ ಕೋಣೆಯಲ್ಲಿ, ಅದೇ ವಾಸನೆ ತುಂಬಿಕೊಂಡಿತ್ತು. ಅದನ್ನು ಮುಚ್ಚಲೆಂದು ಅಕ್ಕ ಮೈಮೇಲೆ ಸೆಂಟು ಸುರಿದುಕೊಳ್ಳುತ್ತಿದ್ದಳು. ಅಂದಿನಿಂದ ಇವಳು ಆ ಸೀಸೆ ಮುಟ್ಟಿಲ್ಲ. ಸೆಂಟು ಸಪ್ಪೆ ಎಂದ ಗಿರಾಕಿಗಳನ್ನು, ನಿಮ್ಮ ಮೂಗಿಗೇ ಶೀತ ಎಂದು ದಬಾಯಿಸಿ ಕಳಿಸುತ್ತಿದ್ದಳು.

ಈ ಸಲ ಹುಡುಗಿ ಹಟ ಮಾಡಲಿಲ್ಲ. "ಹೋಗ್ಲಿ ಬಿಡು ಚಿಕ್ಕಮ್ಮ, ಅಮ್ಮಂಗೆ ಬರೋಕೆ ಇಷ್ಟ ಇಲ್ಲ ಅನ್ಸುತ್ತೆ," ಎಂದಳು.

ಆ ಮಾತನ್ನು ಚಿಕ್ಕಮ್ಮನಿಂದ ತಡೆದುಕೊಳ್ಳಲಾಗಲಿಲ್ಲ. ಸೀಸೆ ತೆಗೆದು, ಉಸಿರು ಬಿಗಿಹಿಡಿದು, ಒಂದು ಹನಿ ಬಿಟ್ಟಳು.

ಅಯ್ಯೋ, ಅಕ್ಕ ಬಂದೇಬಿಟ್ಟಳು! ಹಾಡಹಗಲಿನಲ್ಲಿ, ಬೆನ್ನ ಹಿಂದೆಯೇ ಬಂದು ನಿಂತಂತಿತ್ತು. ಲವಂಗ ಗಂಟಲಲ್ಲಿ ಚುರುಗುಟ್ಟಿತು, ಹೂವಿಗೆ ಮೈಬಿಸಿ ಬಂತು. ತಿರುಗಿ ನೋಡಲು ಅವಳಿಗೆ ಭಯವಾಯಿತು.

ಹುಡುಗಿ ಪಟ್ಟಿಯನ್ನು ಮುಖಕ್ಕೆ ಒತ್ತಿಕೊಂಡಳು. "ಅಮ್ಮ!" ಎಂದು ನಕ್ಕಳು. ಮತ್ತೊಮ್ಮೆ ಮೂಸಿದಳು. ನಗು ನಿಂತಿತು. ಚಿಕ್ಕಮ್ಮನ ಬೆನ್ನ ಹಿಂದೆ ನೋಡುತ್ತಾ, ದನಿ ತಗ್ಗಿಸಿ ಕೇಳಿದಳು:

"ಅಮ್ಮಂಗೆ ಹುಣ್ಣು ಇನ್ನೂ ವಾಸಿಯಾಗಿಲ್ವಾ, ಚಿಕ್ಕಮ್ಮ?"