ಟೈಲರಕ್ಕನ ಮೂರು ಜೋಡಿ

ಎಲ್ಲಿಂದ ಶುರು ಮಾಡಲಿ? ‘ನಾಳೆ ಪರೀಕ್ಷೆ’ ಎಂದು ಬರೆದೆ, ಹೊಡೆದುಹಾಕಿದೆ. 2x + y = 10 ಎಂದು ಶುರು ಮಾಡಿದರೆ ಅರ್ಧ ಓದುಗರು ಪುಟ ಮಗುಚುತ್ತಾರೆ. (ನೀವು ಇನ್ನೂ ಇದ್ದೀರಿ. ಉಪಕಾರವಾಯಿತು.)

೧

ನಮ್ಮ ಬೀದಿಯ ಟೈಲರಕ್ಕನಿಗೆ ನಲವತ್ತಾರು ವರ್ಷ. ಹೊಲಿಗೆ ತರಬೇತಿ ಕೇಂದ್ರದಲ್ಲಿ ಟೀಚರ್ ಕೆಲಸ ಖಾಲಿ ಇದೆ, ಆದರೆ ಹತ್ತನೇ ತರಗತಿ ಪಾಸಾಗಿರಬೇಕು. ಗಣಿತದಲ್ಲಿ ಎರಡು ಸಲ ಫೇಲು. ನಾಳೆ ಮೂರನೆಯ ಸಲ. ಇದೇ ಕೊನೆ, ಇನ್ನು ಕೂರುವುದಿಲ್ಲ ಎಂದುಬಿಟ್ಟಿದ್ದಾಳೆ.

೨

(ಇಲ್ಲಿ ಅವಳ ಗಂಡ ಕುಹಕವಾಡುವ ದೃಶ್ಯ ಇತ್ತು. “ನಮ್ಮವರು ಹಾಗೆಲ್ಲ ಅನ್ನೋರಲ್ಲ, ತೆಗಿ” ಎಂದು ಅಕ್ಕ ಗದರಿದಳು. ತೆಗೆದೆ. ಪಾತ್ರಗಳು ತಲೆಯ ಮೇಲೆ ಕೂತಿವೆ.)

೩

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಗಳು ಪಾಠ ಹೇಳುತ್ತಿದ್ದಾಳೆ. 2x + y = 10 ಎಂಬ ಸಮೀಕರಣಕ್ಕೆ ಹೊಂದುವ ಮೂರು (x, y) ಜೋಡಿ ಬರೆಯಬೇಕು. ಅಕ್ಕ ಬರೆದದ್ದು: (4, 3), (8, 1), (2, 4).

“ಮತ್ತೆ ತಪ್ಪು ಅಮ್ಮ. x ನಾಲ್ಕು ಅಂದ್ರೆ ಎಂಟಾಯ್ತು, ಮೂರು ಸೇರಿದ್ರೆ ಹನ್ನೊಂದು. ಹತ್ತು ಬರ್ಬೇಕಲ್ವಾ?”

“x ಮೂರು, y ನಾಲ್ಕು. ಆರೂ ನಾಲ್ಕೂ ಹತ್ತು. ಸರಿಯಾಗೇ ಇದೆ ಕಣೇ.”

“ಮತ್ತೆ y ಯಾಕೆ ಮೊದಲು ಬರ್ದೆ?”

“ಗ್ರಾಫಲ್ಲಿ x ಅಡ್ಡ, ಅಂದ್ರೆ ಅಗಲ. y ಮೇಲಕ್ಕೆ, ಅಂದ್ರೆ ಉದ್ದ. ಉದ್ದ ಬರೀದೆ ಯಾರಾದ್ರೂ ಅಗಲ ಬರೀತಾರಾ?”

ಇಪ್ಪತ್ತೈದು ವರ್ಷ ಅಳತೆ ಚೀಟಿ ಬರೆದ ಕೈ ಅದು. ಎರಡು ಪರೀಕ್ಷೆಯಲ್ಲೂ ಅದೇ ಕೈ ಬರೆದಿತ್ತು. ಅಮ್ಮನಿಗೆ ತಲೆಗೆ ಹತ್ತುವುದಿಲ್ಲ ಎಂದುಕೊಂಡಿದ್ದ ಮಗಳಿಗೆ ನಾಚಿಕೆಯಾಯಿತು.

೪

ಇಲ್ಲಿ ನಾನು ಬದುಕು, ಕ್ರಮ, ಇತ್ಯಾದಿ ಬಗ್ಗೆ ಒಂದು ಪುಟ ಬರೆದಿದ್ದೆ. ಅಕ್ಕ ಅದಕ್ಕೂ ಕತ್ತರಿ ಹಾಕಿದಳು. ಅವಳು ಅಂದದ್ದು ಇಷ್ಟೇ: “ಇದು ಬೇರೆ ಅಂಗಡಿ ಚೀಟಿ ಅಂದ್ಕೊಂಡ್ರಾಯ್ತು. ಅವರಲ್ಲಿ ಅಗಲ ಮೊದಲು.”

ಬರೆದಳು: (3, 4), (1, 8), (4, 2). ಮೂರೂ ಸರಿ. ನನಗೆ ತುಂಬ ಸಂತೋಷವಾಯಿತು. ಕಥೆಗಾರ ಹೀಗೆ ಬಾಯಿಬಿಟ್ಟು ಹೇಳಬಾರದಂತೆ. ಹೇಳಿದೆ.

೫

ಅಂತ್ಯ ಒಂದು: ಪಾಸಾದಳು, ಕೆಲಸ ಸಿಕ್ಕಿತು, ಚಪ್ಪಾಳೆ. (“ಥೇಟ್ ಸಿನಿಮಾ,” ಎಂದಳು ಮಗಳು.)

ಅಂತ್ಯ ಎರಡು: ಪರೀಕ್ಷೆಯಲ್ಲಿ ಕೈ ಹಳೇ ಚಾಳಿಗೆ ಬಿದ್ದು—

ಅಕ್ಕ ಪೆನ್ನು ಕಸಿದುಕೊಂಡಳು. “ನನ್ನ ಪರೀಕ್ಷೆ ನಾನು ಬರೀತೀನಿ ತಮ್ಮ. ನೀನು ಸುಮ್ನೆ ನೋಡ್ತಿರು.”

ನೋಡುತ್ತಿದ್ದೇನೆ. ಪ್ರಶ್ನೆಪತ್ರಿಕೆಯಲ್ಲಿ ಅದೇ ಸಮೀಕರಣ. (ಪತ್ರಿಕೆ ತಯಾರಿಸಿದವನು ನಾನೇ, ಇಷ್ಟೂ ಪಕ್ಷಪಾತ ಬೇಡವೇ?) ಹಾಳೆಯ ಮೂಲೆಯಲ್ಲಿ ‘ಅಗಲ ಮೊದಲು’ ಎಂದು ಸಣ್ಣದಾಗಿ ಬರೆದುಕೊಂಡಿದ್ದಾಳೆ. ಮೂರು ಜೋಡಿ ಮುಗಿಯಿತು. ನಾಲ್ಕನೆಯದು, (2, 6). ಮೇಲ್ವಿಚಾರಕರು ಬಗ್ಗಿ ನೋಡಿದರು.

“ಮೂರೇ ಕೇಳಿರೋದಮ್ಮ.”

“ಗೊತ್ತು ಸಾರ್. ಇನ್ನೂ ಬರ್ತಾನೇ ಇದೆ.”

ಗಂಟೆ ಹೊಡೆಯಲು ಹತ್ತು ನಿಮಿಷ ಇದೆ. ಹೊಡೆಯುವವನು ನಾನು, ಹೊಡೆಯುವುದಿಲ್ಲ. ಅಕ್ಕ ಐದನೆಯದಕ್ಕೆ ಕೈ ಹಾಕಿದ್ದಾಳೆ, ಅಗಲವನ್ನೇ ಮೊದಲು ಬರೆದಿದ್ದಾಳೆ: (5,