ಜಡ್ಜ್ ಮತ್ತು ಹನ್ನೊಂದು ಮುಚ್ಚಳಗಳು

ಸರಿಯಾಗಿ ಹನ್ನೆರಡು ಗಂಟೆಗೆ ಇವೋನ್ ತವಾರೆಸ್ ಟಪಾಲಿನ ಚೀಲವನ್ನು ಎದೆಗೆ ಅವುಚಿಕೊಂಡು ಗಸ್ ಪಪ್ಪಾಸನ ಕಾರಿಗೆ ಮೂರನೆಯ ಪ್ರದಕ್ಷಿಣೆ ಹಾಕುತ್ತಿದ್ದಳು. ಅವಳ ಹಿಂದೆ ಹಿಂದೆಯೇ ಜಡ್ಜ್.

ಜಡ್ಜ್ ಎಂದರೆ ಆ ವಸಂತದಲ್ಲಿ ಆಲ್ಡರ್ ಬೀದಿಯಲ್ಲಿ ಬೀಡುಬಿಟ್ಟಿದ್ದ ಕಾಡು ಟರ್ಕಿ ಕೋಳಿ. ಒಂದು ವರ್ಷದ ಮಗುವಿನಷ್ಟು ತೂಕ, ನಿಲುವಂಗಿಯಂಥ ಕಪ್ಪು ರೆಕ್ಕೆ, ಕೊರಳಲ್ಲಿ ಜೋಲುವ ಕೆಂಪು ಚರ್ಮ, ಎದುರಿಗಿದ್ದವರೆಲ್ಲ ಏನೋ ತಪ್ಪು ಮಾಡಿದ್ದಾರೆ ಎಂಬಂತೆ ನೋಡುವ ಕಣ್ಣು. ಹೆಸರಿಟ್ಟವನು ಗಸ್. ಅವನು ಈಗ ತನ್ನ ಅಂಗಳದಲ್ಲಿ ಗಿಡಕ್ಕೆ ನೀರು ಬಿಡುವ ಪೈಪು ಹಿಡಿದು ನಿಂತಿದ್ದ.

"ಗಸ್, ನೀರು ಬಿಡ್ರೀ!"

"ಬಿಡ್ತಾನೇ ಇದೀನಿ ಕಣಮ್ಮ! ನೀನೇ ಅಡ್ಡ ಬರ್ತೀಯಲ್ಲ!"

ನೀರು ಚಿಮ್ಮಿತು. ಜಡ್ಜ್ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಇವೋನ್ ತಲೆಯಿಂದ ಕಾಲಿನವರೆಗೆ ತೊಯ್ದುಹೋದಳು.

ಎದುರು ಮನೆಯ ಅಡುಗೆಮನೆ ಕಿಟಕಿಯಿಂದ ಲೋರ್ನಾ ಹ್ಯಾಸ್ಕೆಲ್ ಇದನ್ನೆಲ್ಲ ನೋಡಿದಳು. ಎಪ್ಪತ್ತನಾಲ್ಕು ವರ್ಷದ ಲೋರ್ನಾ ನಲವತ್ತು ವರ್ಷ ಶಾಲೆಯ ಗ್ರಂಥಾಲಯ ನೋಡಿಕೊಂಡವಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ದನಿ ಎತ್ತಿರಲಿಲ್ಲ; ತುಟಿಯ ಮೇಲೆ ಬೆರಳಿಟ್ಟರೆ ಸಾಕಾಗುತ್ತಿತ್ತು. ಟರ್ಕಿ ಕೋಳಿಗೆ ಬೆರಳು ಸಾಕಾಗುವುದಿಲ್ಲವಲ್ಲ. ಅವಳು ಬಾಗಿಲು ತೆರೆದು ಇವೋನಳನ್ನು ಒಳಗೆಳೆದುಕೊಂಡು ಟವೆಲ್ ಕೊಟ್ಟಳು.

"ಕೂತ್ಕೋ ಮಗಳೇ. ಟೀ ಮಾಡ್ತೀನಿ."

"ಬೇಡ ಮಿಸ್ ಹ್ಯಾಸ್ಕೆಲ್, ಕೂತ್ರೆ ಅತ್ತುಬಿಡ್ತೀನಿ." ಇವೋನ್ ನಕ್ಕಳು. ಆದರೂ ಕೂತಳು. "ಶುಕ್ರವಾರ ನಮ್ಮ ಮೇಲ್ವಿಚಾರಕರು ಜೊತೇಲಿ ಬರ್ತಾರೆ. ಅವತ್ತಿಗೆ ನನ್ನ ತೊಂಬತ್ತು ದಿನ ಮುಗಿಯುತ್ತೆ. ಟಪಾಲು ಪೂರ್ತಿ ಹಂಚಿದ್ರೆ ಕೆಲಸ ಕಾಯಂ. ಇಲ್ಲಾಂದ್ರೆ ನಮಸ್ಕಾರ. ಹೋದ ವಾರ ಎರಡು ದಿನ ಈ ಬೀದಿಯ ಟಪಾಲು ವಾಪಸ್ ಒಯ್ದಿದೀನಿ. ಹಕ್ಕಿಗೆ ಹೆದರಿಕೊಂಡೆ ಅಂತ ಬರೆಸಬೇಕಾಯ್ತು. ಹಕ್ಕಿಗೆ!"

ಇವೋನಳಿಗೆ ನಲವತ್ತೇಳು. ಹತ್ತೊಂಬತ್ತು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದಿದ್ದಳು. ಅದು ಮುಚ್ಚಿಹೋದ ಮೇಲೆ ಸಿಕ್ಕಿದ್ದು ಈ ಕೆಲಸ. ಫೆಬ್ರವರಿಯ ಹಿಮದಲ್ಲಿ, ಇವೋನ್ ಕೆಲಸಕ್ಕೆ ಸೇರಿದ ಮೊದಲ ವಾರವೇ, ಹಿಮ ಕರಗಿ ಕಾಲು ಜಾರದಿರಲೆಂದು ಯಾರೋ ತನ್ನ ಮೆಟ್ಟಿಲುಗಳಿಗೆಲ್ಲ ಉಪ್ಪು ಎರಚಿ ಹೋಗಿದ್ದನ್ನು ಲೋರ್ನಾ ಗಮನಿಸಿದ್ದಳು. ಹೆಜ್ಜೆಗುರುತು ಟಪಾಲು ಪೆಟ್ಟಿಗೆಯವರೆಗೆ ಬಂದು ಹಿಂದಿರುಗಿತ್ತು. ಇವೋನ್ ಅದನ್ನು ಹೇಳಿಕೊಂಡಿರಲಿಲ್ಲ, ಲೋರ್ನಾ ಕೇಳಿರಲೂ ಇಲ್ಲ.

ಸಂಜೆ ಗಸ್‌ನ ಜಗುಲಿಯಲ್ಲಿ ಬೀದಿಯವರೆಲ್ಲ ಸೇರಿದರು. ಊರಾಡಳಿತದಲ್ಲಿ ಪ್ರಾಣಿಗಳ ದೂರು ನೋಡಿಕೊಳ್ಳುವ ಡಾರ್ಲೀನ್ ಬಂದಿದ್ದಳು. ಸೊಂಟದ ಮೇಲೆ ಕೈಯಿಟ್ಟು ನಿಂತು ಮಾತಾಡುವ ಗಟ್ಟಿ ಹೆಂಗಸು.

"ಹಿಡಿದು ಬೇರೆ ಕಡೆ ಬಿಡೋದಕ್ಕೆ ಕಾನೂನು ಒಪ್ಪಲ್ಲ, ಅದನ್ನ ಮೊದಲೇ ಹೇಳ್ತೀನಿ. ಟರ್ಕಿಗೆ ಪ್ರಪಂಚದಲ್ಲಿ ಎರಡೇ ಥರದ ಜನ. ತನಗಿಂತ ಮೇಲಿನವರು, ತನಗಿಂತ ಕೆಳಗಿನವರು. ನೀವು ಓಡಿದ್ರೆ ಕೆಳಗಿನವರು. ಕೊಡೆ ಪಟ್ಟಂತ ಬಿಚ್ಚಿ, ಜೋರಾಗಿ ಕೂಗಿ, ಮುಂದೆ ಮುಂದೆ ನಡೀರಿ."

"ನಾನು ನೀರು ಬಿಡ್ತಾ ಇದೀನಲ್ಲ," ಎಂದ ಗಸ್. ನಿವೃತ್ತ ಪ್ಲಂಬರ್, ನೀರಿನಿಂದ ಆಗದ ಕೆಲಸವಿಲ್ಲ ಎಂದು ನಂಬಿದವನು.

"ಸ್ನಾನ ಮಾಡಿಸ್ತಾ ಇದೀರಾ ಅಂತ ಅಂದ್ಕೊಂಡಿರುತ್ತೆ. ಅದಕ್ಕಿಂತ ಮುಖ್ಯ, ಈ ಬೀದೀಲಿ ಯಾರೋ ಅದಕ್ಕೆ ಕಾಳು ಹಾಕ್ತಿದಾರೆ. ಇಲ್ಲದಿದ್ರೆ ಹೀಗೆ ಬಿಡಾರ ಹೂಡೋದಿಲ್ಲ. ಯಾರು?"

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಮೂಲೆಮನೆಗೆ ಹೊಸದಾಗಿ ಬಂದಿದ್ದ ದಂಪತಿಗಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಸಿಕ್ಕಿಬಿದ್ದರೆ ಅವರ ಮನೆ ಪೈಪೆಲ್ಲ ಬಿಚ್ಚಿಡ್ತೀನಿ," ಎಂದ ಗಸ್.

ಲೋರ್ನಾ ತನ್ನ ಚಹಾದ ಬಟ್ಟಲಿನೊಳಗೆ ನೋಡುತ್ತಿದ್ದಳು. ಕಿವಿ ಬಿಸಿಯಾಗಿತ್ತು. ಫೆಬ್ರವರಿಯಲ್ಲಿ ಆ ಹಕ್ಕಿ ಕುಂಟುತ್ತಾ ಹಿತ್ತಲಿಗೆ ಬಂದಾಗ ನಾಲ್ಕು ದಿನ ಜೋಳದ ನುಚ್ಚು ಹಾಕೋಣ ಎಂದುಕೊಂಡಿದ್ದಳು. ನಾಲ್ಕು ಹನ್ನೊಂದಾಯಿತು. ಕಾಲು ವಾಸಿಯಾಯಿತು, ಹಿಮ ಕರಗಿತು. ಈಗಲೂ ಬೆಳಿಗ್ಗೆ ಏಳಕ್ಕೆ ಒಂದು ಹಿಡಿ. ಒಂದೇ ಹಿಡಿ. ಆದರೆ ಅವಳ ಹಿತ್ತಲಲ್ಲಿ ಜಡ್ಜ್ ಎಷ್ಟು ಮರ್ಯಾದಸ್ಥ! ಇವೋನಳ ಮೇಲೆ ಅದಕ್ಕೇಕೆ ಸಿಟ್ಟು? ಅದಕ್ಕೂ ಇದಕ್ಕೂ ಸಂಬಂಧವಿರಲಾರದು ಎಂದು ಅವಳು ತನಗೆ ತಾನೇ ಹೇಳಿಕೊಂಡು ಮನೆಗೆ ಬಂದಳು.

ಬುಧವಾರ ಬೆಳಿಗ್ಗೆ ಎಂದಿನಂತೆ ಹಿಂಬಾಗಿಲಲ್ಲಿ ನಿಂತು ನುಚ್ಚಿನ ಡಬ್ಬಿ ತೆಗೆದಳು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳ ಬಿಗಿ, ಎಳೆದರೆ ಕಿರ್ರೆಂದು ಮೇಲೆದ್ದು, ಕೈಬಿಟ್ಟರೆ ಠಣ್ಣೆಂದು ಬೀಳುತ್ತಿತ್ತು.

ಕಿರ್ರ್. ಠಣ್.

ಬೇಲಿಯಾಚೆಯಿಂದ ಜಡ್ಜ್ ಓಡಿಬಂತು.

ಅಷ್ಟರಲ್ಲೇ ಮುಂಬಾಗಿಲ ಕಡೆ ಪತ್ರಿಕೆಯವನು ಅವಳ ಟಪಾಲು ಪೆಟ್ಟಿಗೆಯಲ್ಲಿ ಏನೋ ಹಾಕಿಹೋದ. ಕಿರ್ರ್. ಠಣ್.

ಜಡ್ಜ್ ತಿನ್ನುವುದನ್ನು ಬಿಟ್ಟು ಕತ್ತೆತ್ತಿತು. ಮನೆಯ ಪಕ್ಕದಿಂದ ಸುತ್ತಿಕೊಂಡು ಮುಂಬಾಗಿಲ ಕಡೆ ಓಡಿತು.

ಲೋರ್ನಾ ಕೈಯಲ್ಲಿ ಡಬ್ಬಿ ಹಿಡಿದು ನಿಂತಲ್ಲೇ ನಿಂತಳು. ಆಮೇಲೆ ಮನೆಯೊಳಗಿಂದ ಹಾದು ಮುಂಬಾಗಿಲು ತೆರೆದಳು. ಜಡ್ಜ್ ಬೀದಿಯ ಮಧ್ಯದಲ್ಲಿ ನಿಂತು ಅತ್ತಿತ್ತ ನೋಡುತ್ತಿತ್ತು. ಅವಳು ಟಪಾಲು ಪೆಟ್ಟಿಗೆಯ ಮುಚ್ಚಳ ಎತ್ತಿ ಬಿಟ್ಟಳು. ಠಣ್. ಜಡ್ಜ್ ನೇರ ಅವಳ ಕಾಲಬಳಿಗೆ ಬಂದು, ಬರಿಗೈ ನೋಡಿ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಗಂಟಲಲ್ಲಿ ಗೊಳಗೊಳ ಎಂದು ಗದರಿತು.

ಹದಿನೈದು ವರ್ಷದ ಹಿಂದೆ ಬೀದಿಯ ಹನ್ನೊಂದು ಮನೆಗಳಿಗೂ ಒಂದೇ ಥರದ ತಗಡಿನ ಪೆಟ್ಟಿಗೆ ಜಡಿದವನು ಗಸ್. ಹನ್ನೊಂದಕ್ಕೂ ಒಂದೇ ದನಿ. ಪಾಪದ ಹಕ್ಕಿಗೆ ಇವೋನ್ ಶತ್ರುವಲ್ಲ. ದಿನಾ ಮಧ್ಯಾಹ್ನ ಹನ್ನೊಂದು ಸಲ ಊಟಕ್ಕೆ ಕರೆದು, ಹನ್ನೊಂದು ಸಲವೂ ಬರಿಗೈ ತೋರಿಸುವ ಹೆಂಗಸು ಅವಳು!

ಲೋರ್ನಾಗೆ ಮೊದಲು ನಗು ಬಂತು. ಮೆಟ್ಟಿಲ ಮೇಲೆ ಕೂತು ನಕ್ಕಳು. ಆಮೇಲೆ ಶುಕ್ರವಾರ ನೆನಪಾಯಿತು. ಕಾರ್ಡಿಗನ್ ಸರಿಮಾಡಿಕೊಂಡು ಎದುರು ಮನೆಗೆ ನಡೆದಳು.

"ಗಸ್, ನನ್ನ ಪೈಪೆಲ್ಲ ಬಿಚ್ಚಿಡು."

ಅವಳು ಹೇಳಿದ್ದನ್ನೆಲ್ಲ ಕೇಳಿ ಗಸ್ ನೀರಿನ ಪೈಪನ್ನು ನೆಲಕ್ಕೆ ಹಾಕಿದ.

"ಎರಡು ತಿಂಗಳು! ಎರಡು ತಿಂಗಳು ನಾನು ಮುಂದೆ ನಿಂತು ಯುದ್ಧ ಮಾಡ್ತಿದೀನಿ, ನೀನು ಹಿಂದೆ ಶತ್ರುಸೈನ್ಯಕ್ಕೆ ಅನ್ನಸಂತರ್ಪಣೆ ಮಾಡ್ತಿದೀಯ?"

"ಒಂದೇ ಹಿಡಿ, ಗಸ್."

"ಹಿಡಿ ಅಂತೆ ಹಿಡಿ! ಮೂಲೆಮನೆ ದಂಪತಿಗಳನ್ನ ನಾನು ನಿನ್ನೆ ಹೇಗೆ ನೋಡಿದೆ ಗೊತ್ತಾ?"

"ನೋಡಿದೆ. ಅವರ ಹತ್ತಿರವೂ ಹೋಗಿ ಹೇಳ್ತೀನಿ."

ಗಸ್ ಅವಳ ಮುಖ ನೋಡಿದ. ತಲೆ ಕೆರೆದುಕೊಂಡ. "ಮುಚ್ಚಳಕ್ಕೆ ಒಳಗಡೆ ಏನಾದ್ರೂ ಮೆತ್ತಗಿರೋದು ಅಂಟಿಸಬೇಕು. ನೆಲಮಾಳಿಗೇಲಿ ನನ್ನ ಬಿಲಿಯರ್ಡ್ ಮೇಜಿದೆ. ಯಾರೂ ಆಡಲ್ಲ. ಅದರ ಹಸಿರು ಬಟ್ಟೆ ಕಿತ್ತುಬಿಡೋಣ."

"ಅದು ನಿನ್ನ ಪ್ರಾಣ ಅಂತಿದ್ದೆಯಲ್ಲ?"

"ಮಾತು ಜಾಸ್ತಿಯಾಯ್ತು. ಕತ್ತರಿ ತಾ."

ಗುರುವಾರ ಇವೋನ್ ಬಂದಾಗ ಲೋರ್ನಾ ಅವಳಿಗೂ ಹೇಳಿದಳು. ಇವೋನ್ ಕೇಳಿ, ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಹತ್ತೊಂಬತ್ತು ವರ್ಷ ಊಟದ ಗಂಟೆ ಹೊಡೆದಿದೀನಿ ಮಿಸ್ ಹ್ಯಾಸ್ಕೆಲ್! ಊಟ ಕೊಡದೆ ಹೊಡೆದಿದ್ರೆ ಮಕ್ಕಳೂ ನನ್ನ ಹೀಗೇ ಅಟ್ಟಿಸ್ಕೊಂಡು ಬರ್ತಿದ್ರು."

ಮೂವರೂ ಸೇರಿ ಹತ್ತು ಮುಚ್ಚಳಗಳಿಗೆ ಹಸಿರು ಬಟ್ಟೆ ಅಂಟಿಸಿದರು. ಹನ್ನೊಂದನೆಯದು ಗಸ್‌ನದೇ. ಅದಕ್ಕೆ ಬೇರೆ ಯಾರೂ ಕೈಹಚ್ಚುವಂತಿರಲಿಲ್ಲ. "ನಿಮ್ಮ ಅಂಟು ನಾಳೆಗೆ ಬಿದ್ದೋಗುತ್ತೆ. ನನ್ನದು ಪ್ಲಂಬರ್ ಅಂಟು. ನೋಡ್ತಾ ಇರಿ." ಲೋರ್ನಾ ನುಚ್ಚಿನ ಡಬ್ಬಿಯನ್ನು ಬುಧವಾರವೇ ಖಾಲಿ ಮಾಡಿ ಅಟ್ಟದ ಮೇಲಿಟ್ಟಿದ್ದಳು. ಗುರುವಾರ, ಶುಕ್ರವಾರ ಎರಡು ಮುಂಜಾನೆ ಜಡ್ಜ್ ಹಿಂಬಾಗಿಲಿಗೆ ಬಂದು ನಿಂತಿತು. ಎರಡು ಸಲವೂ ಅವಳು ಪರದೆ ಎಳೆದುಕೊಂಡು ಒಲೆಯ ಕಡೆ ತಿರುಗಿ ನಿಂತಳು.

ಶುಕ್ರವಾರ ಹನ್ನೆರಡಕ್ಕೆ ಮೇಲ್ವಿಚಾರಕ ಕ್ರಾಲಿ ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಹಾಳೆ ಹಿಡಿದು ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಇವೋನ್ ಚೀಲದ ಪಕ್ಕಕ್ಕೆ ಕೊಡೆ ಸಿಕ್ಕಿಸಿಕೊಂಡಿದ್ದಳು. ಜಡ್ಜ್ ಮೂಲೆಯ ಮೇಪಲ್ ಮರದಡಿ ನಿಂತಿತ್ತು. ಮೊದಲ ಮನೆ: ಮುಚ್ಚಳ ಪುಸ್ಸೆಂದು ಮುಚ್ಚಿತು. ಎರಡನೆಯದು, ಮೂರನೆಯದು. ಜಡ್ಜ್ ಕಾಲಿನಿಂದ ನೆಲ ಕೆರೆಯಿತು, ಅಷ್ಟೆ. ಪರದೆಗಳ ಹಿಂದೆ ಬೀದಿಗೆ ಬೀದಿಯೇ ಉಸಿರು ಹಿಡಿದು ನಿಂತಿತ್ತು. ಹತ್ತನೆಯದೂ ಮುಗಿಯಿತು.

ಹನ್ನೊಂದನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಪ್ಲಂಬರ್ ಅಂಟಿನ ಸಮೇತ ಹಸಿರು ಬಟ್ಟೆ ಕಳಚಿ ಇವೋನಳ ಬೂಟಿನ ಮೇಲೆ ಬಿತ್ತು.

ಠಣ್!

ಜಡ್ಜ್ ಹಾರಿಬಂತು. ಕ್ರಾಲಿ ಮೊದಲು ಅಡ್ಡ ಸಿಕ್ಕಿದ. ಮೊಣಕಾಲಿಗೊಂದು ಕುಟುಕು ಬಿತ್ತು. ಹಲಗೆ ಹೂವಿನ ಗಿಡಗಳ ಮಧ್ಯೆ ಬಿತ್ತು. ಇವೋನಳ ಕೊಡೆ ಚೀಲದ ಪಟ್ಟಿಗೆ ಸಿಕ್ಕಿಕೊಂಡಿತು.

ಲೋರ್ನಾ ಆಗಲೇ ರಸ್ತೆ ದಾಟುತ್ತಿದ್ದಳು. ಯಾವಾಗ ಹೊರಬಿದ್ದೆ ಎಂದು ಅವಳಿಗೇ ತಿಳಿಯಲಿಲ್ಲ. ಜಡ್ಜ್ ಅವಳನ್ನು ಕಂಡದ್ದೇ ಸಿಟ್ಟೆಲ್ಲ ಇಳಿದು, ಕತ್ತು ಕೊಂಕಿಸಿ, ಹಳೆಯ ಗೆಳತಿಯ ಹತ್ತಿರ ಬರುವಂತೆ ಹತ್ತಿರ ಬಂತು. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅವಳು ತನ್ನ ಹೂವಿನ ಚಿತ್ರದ ಕೊಡೆಯನ್ನು ಅದರ ಮುಖಕ್ಕೇ ಪಟ್ಟೆಂದು ಬಿಚ್ಚಿದಳು.

"ಹೋಗೋ! ಹೋಗೋ ಇಲ್ಲಿಂದ! ಇಲ್ಲಿ ನಿನಗೇನೂ ಇಲ್ಲ! ಕಾಡಿಗೆ ನಡಿ!"

ನಲವತ್ತು ವರ್ಷ ಕೂಡಿಟ್ಟಿದ್ದ ದನಿಯೆಲ್ಲ ಒಂದೇ ಸಲ ಹೊರಬಂತು. ಎರಡು ಬೀದಿಯಾಚೆ ನಾಯಿ ಬೊಗಳಿತು. ಜಡ್ಜ್ ಒಂದು ಹೆಜ್ಜೆ ಹಿಂದೆ ಇಟ್ಟಿತು. ಅಷ್ಟರಲ್ಲಿ ಇವೋನ್ ಕೊಡೆ ಬಿಡಿಸಿಕೊಂಡು ಲೋರ್ನಾಳ ಪಕ್ಕ ಬಂದಳು. ಆಮೇಲೆ ಅವಳನ್ನು ಮೆಲ್ಲಗೆ ಹಿಂದೆ ಸರಿಸಿ ತಾನೇ ಮುಂದಾದಳು.

"ಕೇಳಿಸ್ತಾ? ಊಟದ ಹೊತ್ತು ಮುಗೀತು! ಸಾಲು ಬಿಟ್ಟು ನಡಿ!"

ಶಾಲೆಯ ಅಡುಗೆಮನೆಯ ದನಿ ಅದು. ಅವಳು ಮುಂದೆ ಮುಂದೆ ನಡೆದಳು, ಜಡ್ಜ್ ಹಿಂದೆ ಹಿಂದೆ ಸರಿಯಿತು. ಕೊನೆಗೆ ರೆಕ್ಕೆ ಮಡಿಚಿಕೊಂಡು, ತೀರ್ಪನ್ನು ಮುಂದೂಡಿದವರ ಹಾಗೆ ನಿಧಾನ ನಡೆದು, ಬೇಲಿ ಹಾರಿ ಹಳ್ಳದ ಕಡೆಯ ಕಾಡಿಗೆ ಇಳಿದುಹೋಯಿತು. ಹತ್ತು ಬಾಗಿಲುಗಳಿಂದ ಚಪ್ಪಾಳೆ ಕೇಳಿಸಿತು.

ಕ್ರಾಲಿ ಹಲಗೆಯ ಮಣ್ಣು ಕೊಡವಿ ಮೊಣಕಾಲು ತಿಕ್ಕಿಕೊಂಡ. ಲೋರ್ನಾ ಪಕ್ಕದಲ್ಲೇ ನಿಂತಿದ್ದರಿಂದ ಅವನು ಬರೆದದ್ದು ಅವಳಿಗೆ ಕಂಡಿತು. 'ಟಪಾಲು ಪೂರ್ತಿ ಹಂಚಿದೆ' ಎಂಬಲ್ಲಿ ಗುರುತು ಹಾಕಿದ. 'ದಾರಿಯಲ್ಲಿ ಪ್ರಾಣಿಗಳ ತೊಂದರೆ' ಎಂಬಲ್ಲಿ ಸ್ವಲ್ಪ ಯೋಚಿಸಿ, 'ಇಲ್ಲ' ಎಂದು ಬರೆದ. ಅವನ ಪ್ಯಾಂಟಿಗೆ ನಾಣ್ಯದಗಲದ ತೂತು ಬಿದ್ದಿತ್ತು.

"ಪ್ಲಂಬರ್ ಅಂಟು," ಎಂದಳು ಲೋರ್ನಾ ಗಸ್‌ನ ಕಡೆ ತಿರುಗಿ.

"ಹವಾ ಸರಿ ಇರಲಿಲ್ಲ," ಎಂದ ಗಸ್.

ಸೋಮವಾರ ಇವೋನ್ ಕಾಯಂ ನೌಕರರ ಹೊಸ ಬಿಲ್ಲೆ ತಗುಲಿಸಿಕೊಂಡು ಬಂದಾಗ ಲೋರ್ನಾ ಅಟ್ಟದಿಂದಿಳಿಸಿದ ಡಬ್ಬಿಯನ್ನು ಅವಳ ಕೈಗಿಟ್ಟಳು. ಒಳಗೆ ಆಗತಾನೇ ಬೇಯಿಸಿದ ಬೆಣ್ಣೆ ಬಿಸ್ಕತ್ತು. ಇವೋನ್ ಮುಚ್ಚಳ ಎಳೆದಳು. ಕಿರ್ರ್. ಕೈಜಾರಿತು. ಠಣ್.

ಇಬ್ಬರೂ ಉಸಿರು ಬಿಗಿಹಿಡಿದು ಬೀದಿಯ ಮೂಲೆ ನೋಡಿದರು. ಯಾರೂ ಬರಲಿಲ್ಲ. ಆಮೇಲೆ ಎದುರು ಮನೆಯ ಬಾಗಿಲು ತೆರೆಯಿತು.

"ಬಿಸ್ಕತ್ತಾ?" ಎಂದು ಕೂಗುತ್ತಾ ಗಸ್ ರಸ್ತೆ ದಾಟಿ ಬಂದ.